ಮನ್ನದ ಅಳತೆ

ಓದತಕ್ಕ ವೇದಭಾಗ: ವಿಮೋಚನಕಾಂಡ 16ನೆಯ ಅಧ್ಯಾಯ, 13ರಿಂದ 21ರ ವರೆಗಿನ ವಚನಗಳು



ಪ್ರಾರ್ಥನೆ, ಪಶ್ಚಾತ್ತಾಪ, ನಿತ್ಯಜೀವ ಇವುಗಳ ವಿಷಯವಾಗಿ ಬೋಧಿಸಿದರೆ ಸಭೆಯವರು ತಲೆಬಾಗಿ ಕೇಳುತ್ತಾರೆ. ತಟ್ಟೆಯಲ್ಲಿರುವ ಅನ್ನದ ವಿಷಯವಾಗಿ ಬಾಯಿ ತೆರೆದರೋ, ಇದು ವೈದ್ಯರ ಕೆಲಸವಲ್ಲವೇ, ಉಪದೇಶಿಗೆ ಇದರಿಂದ ಏನಾಗಬೇಕು ಎಂದು ಕೆಲವರು ಮನಸ್ಸಿನಲ್ಲಿ ಎಣಿಸುವರು. ನಾವೂ ಬಹುಕಾಲ ಹಾಗೆಯೇ ಎಣಿಸಿದ್ದೆವು. ಆ ಎಣಿಕೆಯನ್ನು ನಮ್ಮಿಂದ ತೊಲಗಿಸಿದ್ದು ಈಶ್ವರಮಂಗಲದ ಕಡೆಯ ಒಂದು ಮನೆಯಲ್ಲಿ ನಡೆದ ಚಿಕ್ಕ ಸಂಗತಿ.

ಪುತ್ತೂರು ತಾಲೂಕಿನ ದಕ್ಷಿಣದ ಅಂಚಿನಲ್ಲಿ, ಕೇರಳದ ಗಡಿಗೆ ಹತ್ತಿರವಾಗಿ ಈಶ್ವರಮಂಗಲವಿರುವದು ನಿಮ್ಮಲ್ಲಿ ಅನೇಕರಿಗೆ ತಿಳಿದದ್ದೇ. ಅಲ್ಲಿ ಮನೆಗಳು ಒತ್ತಾಗಿ ಇರುವದಿಲ್ಲ. ಒಂದೊಂದು ಗುಡ್ಡದ ತಪ್ಪಲಲ್ಲಿ, ಒಂದೊಂದು ಅಡಿಕೆ ತೋಟದ ಬದಿಯಲ್ಲಿ ಒಂದೊಂದು ಮನೆ. ಮನೆದರ್ಶನಕ್ಕೆ ಹೊರಟ ಉಪದೇಶಿಗೆ ಪ್ರತಿಯೊಂದು ಮನೆಯಲ್ಲಿಯೂ ಚಹಾ ಸಿದ್ಧವಾಗುತ್ತದೆ. ಒಂದು ದಿನ ಆರು ಮನೆಗಳನ್ನು ಮುಗಿಸಿ ಏಳನೆಯದಾಗಿ ಒಬ್ಬ ವೃದ್ಧ ವಿಧವೆಯ ಜಗಲಿಯಲ್ಲಿ ಕೂತೆವು. ಆಕೆ ಚಹಾವನ್ನೂ ತಟ್ಟೆಯ ತುಂಬ ಕರಿದ ಹಲಸಿನ ಹಪ್ಪಳವನ್ನೂ ತಂದಿಟ್ಟಳು. ಅದಕ್ಕೆ ಎಂಟು ದಿನ ಮೊದಲು ವೈದ್ಯರು ನಮ್ಮನ್ನು ಪರೀಕ್ಷಿಸಿ, ತೂಕ ಮಿತಿ ಮೀರಿದೆ, ಸೊಂಟದ ಸುತ್ತಳತೆ ಮೀರಿದೆ, ರಕ್ತದಲ್ಲಿ ಸಕ್ಕರೆಯು ಮೀರುವದರಲ್ಲಿದೆ ಎಂದು ತಿಳಿಸಿದ್ದರು. ಆದದರಿಂದ ನಾವು ಕೈಮುಗಿದು, “ಬೇಡ ಅಮ್ಮಾ” ಅಂದೆವು.

ಆಕೆಯ ಮುಖವು ಬಾಡಿತು. “ಯಾಕೆ ಉಪದೇಶಿಗಳೇ, ನಮ್ಮ ಮನೆಯದ್ದು ನಿಮಗೆ ಆಗುವದಿಲ್ಲವೋ?” ಎಂದು ಮೆಲ್ಲನೆ ಕೇಳಿದಳು.

ಈ ಪ್ರಶ್ನೆಯ ಭಾರವನ್ನು ಬಲ್ಲವರು ಬಲ್ಲರು. ಆಕೆಯ ತಾಯಿಗೆ ಒಡೆಯರ ಅಂಗಳದ ಹೊರಗೆ ನಿಲ್ಲಿಸಿ ಗೆರಟೆಯಲ್ಲಿ ನೀರು ಹೊಯ್ದು ಕೊಟ್ಟಿದ್ದರು. ಅವರ ಕೈಯ ಅನ್ನವನ್ನು ಯಾರೂ ಮುಟ್ಟುತ್ತಿರಲಿಲ್ಲ. ಬೇಡವೆಂಬ ನಮ್ಮ ಒಂದು ಮಾತು ಆ ಹಳೆಯ ಗಾಯವನ್ನು ತೆರೆಯಿತು. ನಾವು ಆ ಹೊತ್ತಿಗೆ ತಕ್ಕ ಉತ್ತರ ಕೊಡಲಾರದೆ, ಚಹಾವನ್ನು ಕುಡಿದು, ಪ್ರಾರ್ಥನೆ ಮಾಡಿ ಹೊರಟುಬಂದೆವು. ಆಕೆಗೆ ಅಂದು ಹೇಳಬೇಕಾಗಿದ್ದದ್ದನ್ನು ಇಂದು ನಿಮ್ಮೆಲ್ಲರ ಮುಂದೆ ಹೇಳುತ್ತೇವೆ. ಮೂರು ಭಾಗಗಳಾಗಿ ಹೇಳುತ್ತೇವೆ.

ಒಂದನೆಯದು: ಅಳತೆಯು ದೇವರ ಜಿಪುಣತನವಲ್ಲ, ಆತನ ದಯೆಯೇ.

ಇಸ್ರಾಯೇಲ್ಯರು ದಾಸತ್ವದಿಂದ ಬಿಡುಗಡೆಯಾಗಿ ಅರಣ್ಯಕ್ಕೆ ಬಂದರು. ಹಸಿವಾದ ಕೂಡಲೆ ಅವರಿಗೆ ಐಗುಪ್ತದ ಮಾಂಸದ ಪಾತ್ರೆಗಳು ನೆನಪಾದವು. ಹೊಟ್ಟೆತುಂಬ ತಿಂದದ್ದು ನೆನಪಿಗೆ ಬಂತು, ಬೆನ್ನಿನ ಮೇಲೆ ಬಿದ್ದ ಪೆಟ್ಟು ಮರೆತುಹೋಯಿತು. ಆಗ ದೇವರು ಮನ್ನವನ್ನು ಕೊಟ್ಟನು, ಕೊಡುವಾಗಲೇ ಅಳತೆಯನ್ನೂ ಕೊಟ್ಟನು: ಒಬ್ಬೊಬ್ಬನಿಗೆ ಒಂದೊಂದು ಓಮೆರ್, ಒಂದು ದಿನಕ್ಕೆ ಒಂದು ದಿನದ್ದು. ಆದರೂ ಕೆಲವರು ಮರುದಿನಕ್ಕೆಂದು ಇಟ್ಟುಕೊಂಡರು. ಯಾಕೆ? ಅವರೆಲ್ಲರೂ ಹೊಟ್ಟೆಬಾಕರಾಗಿದ್ದರೆಂದು ನಮಗೆ ತೋರುವದಿಲ್ಲ. ಅವರು ಹಸಿದವರ ಮಕ್ಕಳು. ನಾಳೆ ಸಿಕ್ಕುತ್ತದೋ ಇಲ್ಲವೋ ಎಂಬ ಭಯವು ಅವರ ಎಲುಬಿನಲ್ಲಿ ಸೇರಿತ್ತು. ಆದರೆ ಹಾಗೆ ಇಟ್ಟದ್ದು ಹುಳಬಿದ್ದು ನಾರಿತು.

ಪ್ರಿಯರೇ, ನಾವೂ ಹಸಿದವರ ಮಕ್ಕಳು. 1942ರಲ್ಲಿ ಬರ್ಮಾ ದೇಶವು ಜಪಾನರ ವಶವಾದ ಮೇಲೆ ಅಲ್ಲಿಂದ ಬರುತ್ತಿದ್ದ ಅಕ್ಕಿಯು ನಿಂತುಹೋಯಿತು. ಆ ಯುದ್ಧದ ವರ್ಷಗಳ ರೇಶನಿನ ಕಾಲವನ್ನು ನಮ್ಮ ಅಜ್ಜ ಅಜ್ಜಿಯಂದಿರು ಸಾಯುವ ವರೆಗೂ ಮರೆಯಲಿಲ್ಲ. ಆಟಿ ತಿಂಗಳ ಮಳೆಯಲ್ಲಿ ಕೆಲಸವಿಲ್ಲದೆ, ಕೆಸುವಿನ ಸೊಪ್ಪು, ಹಲಸಿನ ಬೀಜ, ತೆಳುವಾದ ಗಂಜಿ ಇವುಗಳಿಂದ ದಿನ ಕಳೆದ ಮನೆಗಳು ನಮ್ಮವು. ಅಂಥ ಮನೆಯಲ್ಲಿ ಮೈತುಂಬಿಕೊಂಡವನನ್ನು ಕಂಡರೆ ದೇವರು ಅವನನ್ನು ಆಶೀರ್ವದಿಸಿದನೆಂದು ಹೇಳುವದು ಸಹಜವೇ. ಬಾಬೆಲಿನಲ್ಲಿ ಕಾಯಿಪಲ್ಯ ತಿಂದು ನೀರು ಕುಡಿದ ದಾನಿಯೇಲನೂ ಅವನ ಸಂಗಡಿಗರೂ ಹತ್ತು ದಿನಗಳ ಮೇಲೆ ಮೈತುಂಬಿ ಕಾಣಿಸಿದರೆಂದು ಸತ್ಯವೇದವೂ ತಿಳಿಸುತ್ತದಲ್ಲಾ. ಆಹಾರವು ಕಡಿಮೆಯಾಗಿದ್ದ ಕಾಲದಲ್ಲಿ ತುಂಬಿದ ಮೈ ಆರೋಗ್ಯದ ಗುರುತಾಗಿತ್ತು. ಕಾಲವು ಬದಲಾಯಿತು, ಗುರುತನ್ನು ಮಾತ್ರ ನಾವು ಬದಲಾಯಿಸಲಿಲ್ಲ. 2013ರಲ್ಲಿ ಕರ್ನಾಟಕದಲ್ಲಿ ಅನ್ನಭಾಗ್ಯ ಯೋಜನೆಯು ಪ್ರಾರಂಭವಾಯಿತು. ಬಡವರ ಮನೆಗೂ ತಿಂಗಳು ತಿಂಗಳು ಅಕ್ಕಿ ಬಂತು. ಇದಕ್ಕಾಗಿ ದೇವರಿಗೆ ಸ್ತೋತ್ರ. ಆದರೆ ಹೊಟ್ಟೆಯು ತುಂಬಿದ ಮೇಲೆಯೂ ಎಲುಬಿನಲ್ಲಿದ್ದ ಭಯವು ಹೋಗಲಿಲ್ಲ. ಇನ್ನೊಂದು ಸೌಟು, ಇನ್ನೊಂದು ತುಂಡು, ಉಳಿಸಿದರೆ ಪಾಪ ಎಂದು ಬಡಿಸುತ್ತಲೇ ಇದ್ದೇವೆ.

ಹಸಿದ ತಾಯಿಯ ಮಕ್ಕಳು ಈ ವಿಷಯದಲ್ಲಿ ಬೇರೆಯವರಿಗಿಂತ ಹೆಚ್ಚು ಎಚ್ಚರಿಕೆಯಾಗಿರಬೇಕೆಂಬದಕ್ಕೆ ನಮ್ಮ ನಾಡಿನ ಒಂದು ಮಿಶನ್ ಆಸ್ಪತ್ರೆಯೇ ಸಾಕ್ಷಿ ಕೊಟ್ಟಿದೆ. ಮೈಸೂರಿನ ಹೋಲ್ಡ್ಸ್‌ವರ್ಥ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ದಾದಿಯರು ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆ ಇವುಗಳನ್ನು ಪುಸ್ತಕದಲ್ಲಿ ಬರೆದಿಟ್ಟರು. ಅದರಿಂದ ಮುಂದೆ ಏನಾಗುವದೆಂದು ಆ ದಾದಿಯರಿಗೆ ತಿಳಿದಿರಲಿಲ್ಲ. ಕೊಟ್ಟ ಕೆಲಸವನ್ನು ನಂಬಿಗಸ್ತಿಕೆಯಿಂದ ಮಾಡಿದರು. ಅನೇಕ ವರ್ಷಗಳ ಮೇಲೆ ಪಂಡಿತರು ಆ ಪುಸ್ತಕಗಳನ್ನು ತೆರೆದು, 1934ರಿಂದ 1954ರ ವರೆಗೆ ಅಲ್ಲಿ ಹುಟ್ಟಿದವರಲ್ಲಿ 517 ಮಂದಿಯನ್ನು ಹುಡುಕಿ ಪರೀಕ್ಷಿಸಿ, ಕಂಡದ್ದನ್ನು 1996ರಲ್ಲಿ ಪ್ರಕಟಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ರೋಗವಿತ್ತು, 3.1 ಕಿಲೋ ಅಥವಾ ಹೆಚ್ಚು ತೂಗಿದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ಸಣ್ಣದಾಗಿ ಹುಟ್ಟಿದವರಿಗೆಲ್ಲಾ ರೋಗವು ಬಂದೇ ಬರುವದೆಂದು ಇದರ ಅರ್ಥವಲ್ಲ. ಆದರೆ ತಾಯಿಯ ಗರ್ಭದಲ್ಲಿ ಕೊರತೆಯನ್ನು ಕಂಡ ದೇಹದ ಗುರುತು ಮುಪ್ಪಿನ ವರೆಗೂ ಅಳಿಯುವದಿಲ್ಲ ಎಂಬದು ಇದರಿಂದ ತೋರುತ್ತದೆ. ಅಂಥ ದೇಹದ ಮೇಲೆ ಬೇಡದ ಭಾರವನ್ನು ಹೊರಿಸುವದು ಬುದ್ಧಿಯಲ್ಲ.

ಅಳತೆಯನ್ನು ಇಟ್ಟ ದೇವರು ನಮ್ಮ ಹಸಿವನ್ನು ಅರಿಯದವನಲ್ಲ. ನಮ್ಮ ಭಯವನ್ನೂ ಅರಿತು, ದಿನಕ್ಕೆ ಸಾಕಾಗುವಷ್ಟು ಕೊಟ್ಟು, ನಾಳೆಯದನ್ನು ನನ್ನ ಕೈಯಲ್ಲಿ ಬಿಡು ಎಂದು ಕಲಿಸುತ್ತಾನೆ. ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ನಾವು ಕೇಳಿಕೊಳ್ಳುವದೂ ಆಯಾ ದಿನದ ಆಹಾರವನ್ನೇ ಹೊರತು ಹತ್ತು ದಿನದ್ದನ್ನಲ್ಲ.

ಎರಡನೆಯದು: ಅಳತೆಯು ಆಯಾ ದೇಹಕ್ಕೂ ಕೆಲಸಕ್ಕೂ ತಕ್ಕದ್ದಾಗಿರಬೇಕು.

ಓಮೆರಿನಿಂದ ಅಳೆದಾಗ ಹೆಚ್ಚು ಕೂಡಿಸಿದವನಿಗೆ ಹೆಚ್ಚಾಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ಒಬ್ಬೊಬ್ಬನಿಗೆ ಅವನವನು ತಿನ್ನುವಷ್ಟು ಸಿಕ್ಕಿತು. ಹಾಗಾದರೆ ಇಂದು ನಮ್ಮ ಓಮೆರ್ ಯಾವದು? ಇದನ್ನು ತಿಳಿಯುವದಕ್ಕೆ ವೈದ್ಯಶಾಸ್ತ್ರದವರು ಕ್ಯಾಲೊರಿ ಎಂಬ ಅಳತೆಯನ್ನು ಇಟ್ಟಿದ್ದಾರೆ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾಗುವ ಶಾಖವೇ ಆಹಾರದ ಲೆಕ್ಕದಲ್ಲಿ ಒಂದು ಕ್ಯಾಲೊರಿ. ಒಲೆಗೆ ಸೌದೆಯು ಹೇಗೋ ದೇಹಕ್ಕೆ ಅನ್ನವು ಹಾಗೆ. ಒಂದು ಗ್ರಾಮ್ ಪಿಷ್ಟ ಅಥವಾ ಸಕ್ಕರೆಯಿಂದ 4, ಒಂದು ಗ್ರಾಮ್ ಸಸಾರಜನಕದಿಂದ 4, ಒಂದು ಗ್ರಾಮ್ ಎಣ್ಣೆ ಯಾ ತುಪ್ಪದಿಂದ 9 ಕ್ಯಾಲೊರಿ ಹುಟ್ಟುತ್ತದೆ. ಮದ್ಯದ ಸಾರದಿಂದ ಗ್ರಾಮಿಗೆ 7 ಹುಟ್ಟುತ್ತದೆ. ಕುಡಿಯುವವನು ಮನೆಯ ಹಣದೊಡನೆ ಮೈಯನ್ನೂ ಕೆಡಿಸಿಕೊಳ್ಳುತ್ತಾನೆ. ಒಲೆಗೆ ಹೆಚ್ಚಾಗಿ ತಂದ ಸೌದೆಯನ್ನು ಕೊಟ್ಟಿಗೆಯಲ್ಲಿ ಒಟ್ಟುವಂತೆ ದೇಹವು ಉರಿಸದೆ ಉಳಿದದ್ದನ್ನು ಕೊಬ್ಬಾಗಿ ಒಟ್ಟುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯೂ 2020ರಲ್ಲಿ ಕೊಟ್ಟ ಲೆಕ್ಕವನ್ನು ಕೇಳಿರಿ. 65 ಕಿಲೋ ತೂಕದ ಪುರುಷನು ಕೂತು ಕೆಲಸ ಮಾಡುವವನಾದರೆ ಅವನಿಗೆ ದಿನಕ್ಕೆ 2,110 ಕ್ಯಾಲೊರಿ ಸಾಕು. ಮೈಮುರಿದು ದುಡಿಯುವವನಾದರೆ 3,470 ಬೇಕು. 55 ಕಿಲೋ ತೂಕದ ಸ್ತ್ರೀಗೆ ಕೂತು ಕೆಲಸವಾದರೆ 1,660, ಕಠಿಣವಾದ ದುಡಿಮೆಯಾದರೆ 2,720. ಪುರುಷನ ಈ ಎರಡು ಲೆಕ್ಕಗಳ ನಡುವೆ ಇರುವ ಅಂತರವು 1,360 ಕ್ಯಾಲೊರಿ. ನೂರು ಗ್ರಾಮ್ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ ಇರುವದರಿಂದ, ಈ ಅಂತರವು ಹೆಚ್ಚು ಕಡಿಮೆ ನಾನೂರು ಗ್ರಾಮ್ ಅಕ್ಕಿಗೆ ಸಮ.

ಈಗ ನಮ್ಮ ಅಜ್ಜನನ್ನು ನೆನಸಿರಿ. ಅವನು ಗುಡ್ಡದಿಂದ ಸೊಪ್ಪಿನ ಹೊರೆ ಹೊತ್ತನು, ಗದ್ದೆ ಉತ್ತನು, ಏತದಿಂದ ನೀರೆತ್ತಿದನು, ಪುತ್ತೂರಿನ ಸಂತೆಗೆ ನಡೆದು ಹೋಗಿ ನಡೆದು ಬಂದನು. ಅಜ್ಜಿ ಒನಕೆಯಿಂದ ಭತ್ತ ಕುಟ್ಟಿದಳು, ಕಡೆಯುವ ಕಲ್ಲಿನಲ್ಲಿ ಅರೆದಳು, ಬಾವಿಯಿಂದ ಕೊಡಪಾನ ಹೊತ್ತಳು. ಅವರ ತಟ್ಟೆಯ ಅನ್ನವು ಅವರ ಬೆವರಿಗೆ ತಕ್ಕದ್ದಾಗಿತ್ತು. ಇಂದು ನೀರನ್ನು ಪಂಪು ಎತ್ತುತ್ತದೆ, ಹುಲ್ಲನ್ನು ಯಂತ್ರವು ಕೊಯ್ಯುತ್ತದೆ, ಮಿಕ್ಸಿ ಅರೆಯುತ್ತದೆ, ಉಪದೇಶಿಯು ಮೋಟಾರು ಸೈಕಲಿನಲ್ಲಿ ಬರುತ್ತಾನೆ. ದುಡಿಮೆಯು ಹಗುರವಾದದ್ದು ದೇವರ ಉಪಕಾರವೇ. ಆದರೆ ಅಜ್ಜನ ಕೆಲಸವನ್ನು ಬಿಟ್ಟ ನಾವು ಅಜ್ಜನ ತಟ್ಟೆಯನ್ನು ಮಾತ್ರ ಬಿಡಲಿಲ್ಲ. ಇದರೊಳಗೆ ಇನ್ನೂ ಮರ ಹತ್ತಿ ಕೊನೆ ತೆಗೆಯುವ, ಕಲ್ಲು ಹೊರುವ ಸಹೋದರರು ನಮ್ಮ ಸಭೆಗಳಲ್ಲಿ ಇದ್ದಾರೆ. ಅವರ ಓಮೆರ್ ದೊಡ್ಡದು. ಅವರು ಹೊಟ್ಟೆತುಂಬ ಉಣ್ಣಲಿ. ಎಲ್ಲರಿಗೂ ಒಂದೇ ಸೌಟೆಂದು ಹೇಳುವದು ಮನ್ನದ ನಿಯಮವಲ್ಲ.

ಅನ್ನವೊಂದೇ ಅಲ್ಲ. ಕಣ್ಣಿಗೆ ಕಾಣದೆ ಸೇರುವದು ಹೆಚ್ಚು ಮೋಸ ಮಾಡುತ್ತದೆ. ನಮ್ಮ ಚಹಾದ ಲೆಕ್ಕವನ್ನೇ ನಿಮ್ಮ ಮುಂದೆ ಇಡುತ್ತೇವೆ. ಚಿಕ್ಕ ಚಮಚೆಯಲ್ಲಿ 5 ಗ್ರಾಮ್ ಸಕ್ಕರೆ, ಅದಕ್ಕೆ 20 ಕ್ಯಾಲೊರಿ. ಲೋಟಕ್ಕೆ ಎರಡು ಚಮಚೆ, ದಿನಕ್ಕೆ ಎಂಟು ಮನೆ: ಸಕ್ಕರೆಯಿಂದಲೇ 320 ಕ್ಯಾಲೊರಿ, ಸಕ್ಕರೆಯ ತೂಕ 80 ಗ್ರಾಮ್. ಸಕ್ಕರೆಯು ದಿನದ ಕ್ಯಾಲೊರಿಯಲ್ಲಿ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ ಇರಬೇಕು, ಇಪ್ಪತ್ತರಲ್ಲೊಂದು ಪಾಲಿಗಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂದು 2015ರಲ್ಲಿ ಜಾಗತಿಕ ಆರೋಗ್ಯ ಸಂಸ್ಥೆಯು ಹೇಳಿದೆ. ಈ ಕಡೆಯ ಪಾಲು ಸುಮಾರು 25 ಗ್ರಾಮ್. ನಾವು ಅದರ ಮೂರು ಪಟ್ಟಿಗೂ ಹೆಚ್ಚಾಗಿ ತೆಗೆದುಕೊಂಡೆವು, ಅದೂ ಸುವಾರ್ತೆಯ ಸೇವೆ ಮಾಡುತ್ತಾ! ಬೆಲ್ಲ ಹಾಕಿದರೆ ತೊಂದರೆಯಿಲ್ಲವೆಂದು ಹೇಳುವವರುಂಟು. ಬೆಲ್ಲದ ಕ್ಯಾಲೊರಿಯೂ ಹೆಚ್ಚು ಕಡಿಮೆ ಸಕ್ಕರೆಯಷ್ಟೇ. ಒಂದು ದೊಡ್ಡ ಚಮಚೆ ಎಣ್ಣೆಗೆ ಸುಮಾರು 120 ಕ್ಯಾಲೊರಿ; ನಮ್ಮ ತೋಟದ ತೆಂಗಿನೆಣ್ಣೆಯಾದರೂ ಅಂಗಡಿಯ ಎಣ್ಣೆಯಾದರೂ ಲೆಕ್ಕವು ಒಂದೇ. ನೂರು ಗ್ರಾಮ್ ಗೇರುಬೀಜದಲ್ಲಿ 550ಕ್ಕೂ ಹೆಚ್ಚು. ಗೇರುಬೀಜವು ಕೆಟ್ಟದ್ದಲ್ಲ, ಎಂಟು ಹತ್ತು ಬೀಜ ಸಾಕು. ಜೇನು ಒಳ್ಳೆಯದೇ ಆದರೂ ಅದಕ್ಕೂ ಒಂದು ಮಿತಿಯುಂಟೆಂದು ಜ್ಞಾನೋಕ್ತಿಗಳ 25ನೆಯ ಅಧ್ಯಾಯದಲ್ಲಿ ನಾವು ಓದುತ್ತೇವಷ್ಟೆ.

ದಿನಕ್ಕೆ ನೂರು ಕ್ಯಾಲೊರಿ ಹೆಚ್ಚಾದರೆ ವರ್ಷಕ್ಕೆ 36,500 ಆಯಿತು. ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಎಂಬ ಲೆಕ್ಕದಿಂದ ನೋಡಿದರೆ ನಾಲ್ಕೂವರೆ ಕಿಲೋವಿಗೂ ಹೆಚ್ಚು. ಮೈ ಭಾರವಾದಂತೆ ಅದರ ಖರ್ಚೂ ಹೆಚ್ಚುವದರಿಂದ ನಿಜವಾಗಿ ಅಷ್ಟು ಏರುವದಿಲ್ಲ. ಆದರೂ ಏರುವದು ಹೀಗೆಯೇ, ಚಮಚೆ ಚಮಚೆಯಾಗಿ, ಯಾರಿಗೂ ತಿಳಿಯದೆ. ಇಳಿಸುವದೂ ಹಾಗೆಯೇ ಆಗಬೇಕು. ವಾರಕ್ಕೆ ಅರ್ಧ ಕಿಲೋವಿನಂತೆ ಇಳಿದರೆ ಸಾಕು. ತೂಕವು ಮೀರಿದವನು ತನ್ನ ತೂಕದ ನೂರರಲ್ಲಿ ಐದು ಪಾಲು ಇಳಿಸಿದರೂ ರಕ್ತದ ಒತ್ತಡವೂ ಸಕ್ಕರೆಯೂ ತಗ್ಗುವದನ್ನು ವೈದ್ಯರು ಕಂಡಿದ್ದಾರೆ.

ತನ್ನ ತೂಕ ಮೀರಿದೆಯೋ ಎಂದು ತಿಳಿಯುವದಕ್ಕೆ ಒಂದು ದಾರದ ತುಂಡು ಸಾಕು. ನಮ್ಮ ದೇಶದವರಲ್ಲಿ ಸೊಂಟದ ಸುತ್ತಳತೆಯು ಪುರುಷರಿಗೆ 90, ಸ್ತ್ರೀಯರಿಗೆ 80 ಸೆಂಟಿಮೀಟರ್ ಮೀರಬಾರದು. ತೂಕವಾದರೆ, 160 ಸೆಂಟಿಮೀಟರ್ ಎತ್ತರದವನಿಗೆ 47ರಿಂದ 59 ಕಿಲೋವಿನೊಳಗೆ ಇರುವದು ಉತ್ತಮ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದಕ್ಕೆ ಬಂದಿರುವದು ನಮ್ಮವರಲ್ಲಿ ಬಹಳ. ಅಂಥವರು ತಮ್ಮನ್ನು ತೆಳ್ಳಗಿನವರೆಂದು ಎಣಿಸಿ ಮೋಸಹೋಗುತ್ತಾರೆ. 2023ರಲ್ಲಿ ಪ್ರಕಟವಾದ ದೇಶದ ದೊಡ್ಡ ಪರೀಕ್ಷೆಯ ಪ್ರಕಾರ ಭಾರತದಲ್ಲಿ 10 ಕೋಟಿ 10 ಲಕ್ಷ ಜನರಿಗೆ ಸಿಹಿಮೂತ್ರ ರೋಗವಿದೆ. ಈ ರೋಗದಿಂದ ಮೊದಲು ಬೆರಳನ್ನೂ, ಆಮೇಲೆ ಪಾದವನ್ನೂ, ಕಡೆಗೆ ಪ್ರಾಣವನ್ನೂ ಕಳೆದುಕೊಂಡ ಸಹೋದರರ ಸಮಾಧಿಯ ಬಳಿಯಲ್ಲಿ ನಾವು ನಿಂತಿದ್ದೇವೆ. ಅವರ ಹೆಂಡಂದಿರೂ ಮಕ್ಕಳೂ ಇಂದು ಪಡುವ ಕಷ್ಟವನ್ನು ನೀವು ಬಲ್ಲಿರಿ. ನಮ್ಮ ದೇಹವು ಪವಿತ್ರಾತ್ಮನ ಆಲಯವೆಂದೂ ನಾವು ನಮ್ಮ ಸೊತ್ತಲ್ಲವೆಂದೂ ಪೌಲನು ಕೊರಿಂಥದ ಸಭೆಗೆ ಬರೆದನು. ದೇವಾಲಯದ ತೊಲೆಗಳಿಗೆ ಗೆದ್ದಲು ಹಿಡಿದರೆ ಸುಮ್ಮನಿರುವ ಸಭೆ ಯಾವದು?

ಮೂರನೆಯದು: ಅಳತೆಯು ಪ್ರೀತಿಯನ್ನು ಮುರಿಯಬಾರದು.

ಇಲ್ಲಿ ನಾವು ಆ ವೃದ್ಧ ತಾಯಿಯ ಪ್ರಶ್ನೆಗೆ ಬರುತ್ತೇವೆ. 1834ರಲ್ಲಿ ಬಾಸೆಲ್ ಮಿಶನಿನ ಮೊದಲನೆಯ ಸೇವಕರು ಮಂಗಳೂರಿಗೆ ಬಂದ ಮೇಲೆ ಸುವಾರ್ತೆಯನ್ನು ನಂಬಿ ದೀಕ್ಷಾಸ್ನಾನ ಹೊಂದಿದವರು ಮೊದಲು ಕಳೆದುಕೊಂಡದ್ದು ತಮ್ಮವರ ಊಟದ ಪಂಕ್ತಿಯನ್ನೇ. ಬಂಧುಗಳು ಅವರೊಡನೆ ಉಣ್ಣದೆ ಹೋದರು. ಸಭೆಯಲ್ಲಿಯಾದರೋ ಬೇರೆ ಬೇರೆ ಕುಲದವರು ಒಂದೇ ಮೇಜಿನ ಬಳಿಗೆ ಬಂದರು, ಒಂದೇ ರೊಟ್ಟಿಯಲ್ಲಿ ಪಾಲುಹೊಂದಿದರು. ಹೀಗಿರಲಾಗಿ ನಮ್ಮಲ್ಲಿ ಒಂದು ಲೋಟ ಚಹಾ ಬರಿಯ ಚಹಾ ಅಲ್ಲ. ನೀನೂ ನಾನೂ ಒಂದೇ ಎಂಬದರ ಗುರುತು. ಅನ್ಯಜನಗಳ ಸಂಗಡ ಊಟಮಾಡುತ್ತಿದ್ದ ಪೇತ್ರನು ಜನರಿಗೆ ಹೆದರಿ ಹಿಂಜರಿದಾಗ ಪೌಲನು ಅವನನ್ನು ಎಲ್ಲರ ಮುಂದೆ ಎದುರಿಸಿದನೆಂದು ಗಲಾತ್ಯದ ಪತ್ರಿಕೆಯಲ್ಲಿ ಇದೆ. ಕರ್ತನು ತನ್ನ ಎಪ್ಪತ್ತು ಮಂದಿಯನ್ನು ಕಳುಹಿಸುವಾಗ, ಮನೆಯವರು ಮುಂದಿಟ್ಟದ್ದನ್ನು ಊಟಮಾಡಬೇಕೆಂದು ಅಪ್ಪಣೆಕೊಟ್ಟನು. ಆ ತಾಯಿಯು ನೊಂದುಕೊಂಡದ್ದು ನ್ಯಾಯವೇ.

ಆದರೆ ಇನ್ನೊಂದು ಮಾತನ್ನೂ ಸತ್ಯವೇದವು ನಮ್ಮಂಥ ಸೇವಕರಿಗೆ ಹೇಳುತ್ತದೆ. ಯಾಜಕನಾದ ಏಲಿಯ ಮನೆಯವರು ಜನರು ತಂದ ಕಾಣಿಕೆಗಳಿಂದ ತಮ್ಮನ್ನು ಕೊಬ್ಬಿಸಿಕೊಂಡರೆಂದು ದೇವರು ಗದರಿಸಿದನು; ಏಲಿಯು ಮುದುಕನೂ ಭಾರವಾದವನೂ ಆಗಿ, ಪೀಠದಿಂದ ಹಿಂದಕ್ಕೆ ಬಿದ್ದು ಸತ್ತನು. ಜನರ ಪ್ರೀತಿಯಿಂದಲೇ ಸೇವಕನು ಭಾರವಾಗಿ ಬೀಳಬಹುದು. ಮುಂದಿಟ್ಟದ್ದನ್ನು ತಿನ್ನಿರಿ ಎಂಬ ಅಪ್ಪಣೆಯು ಅತಿಥಿಯು ಆರಿಸಿ ತೂಗಿ ಮನೆಯವರನ್ನು ಅವಮಾನಪಡಿಸಬಾರದೆಂದು ಕೊಟ್ಟದ್ದು. ತನ್ನ ಪ್ರಾಣಕ್ಕೆ ಕೇಡಾಗುವಷ್ಟು ತಿನ್ನಬೇಕೆಂದು ಕೊಟ್ಟದ್ದಲ್ಲ.

ಆದದರಿಂದ ಅತಿಥಿಗೆ ಒಂದು ಮಾತು, ಮನೆಯವರಿಗೆ ಒಂದು ಮಾತು. ಅತಿಥಿಯೇ, ಬೇಡವೆಂದು ಕೈ ಅಡ್ಡಮಾಡಿ ಸುಮ್ಮನಾಗಬೇಡ. ಬೇಕಾದದ್ದನ್ನು ಬಾಯಿಬಿಟ್ಟು ಕೇಳು: ಅಮ್ಮಾ, ಸಕ್ಕರೆ ಹಾಕದೆ ಅರ್ಧ ಲೋಟ ಕೊಡಿ, ಇಲ್ಲವೆ ಒಂದು ಲೋಟ ಜೀರಿಗೆ ನೀರು ಕೊಡಿ. ಅದೇ ಲೋಟದಲ್ಲಿ ಅದೇ ಜಗಲಿಯಲ್ಲಿ ಕೂತು ಕುಡಿ. ನಿನಗೆ ರೋಗವಿದ್ದರೆ ಮರೆಮಾಡದೆ ಹೇಳು. ಮರೆಮಾಡುವದರಿಂದಲೇ ತಪ್ಪು ತಿಳುವಳಿಕೆ ಹುಟ್ಟುತ್ತದೆ. ಮನೆಯವರೇ, ಅತಿಥಿಯು ಸಾಕೆಂದಾಗ ಸಾಕೆಂಬದನ್ನು ನಂಬಿರಿ. ಮದುವೆಯ ಪಂಕ್ತಿಯಲ್ಲಿಯೂ ಬೆಳೆ ಹಬ್ಬದ ಊಟದಲ್ಲಿಯೂ ಕೋಳಿ ರೊಟ್ಟಿಯ ಮೇಲೆ ರೊಟ್ಟಿ ಹಾಕಿ ಒತ್ತಾಯಮಾಡುವದೇ ಮರ್ಯಾದೆಯೆಂದು ಎಣಿಸಬೇಡಿರಿ. ಪ್ರೀತಿಯು ಬಡಿಸಿದವನ ಮುಖದಲ್ಲಿ ಕಾಣುತ್ತದೆ, ಸೌಟಿನ ಸಂಖ್ಯೆಯಲ್ಲಿ ಕಾಣುವದಿಲ್ಲ.

ಇನ್ನೂ ಒಂದು ಎಚ್ಚರಿಕೆ. ದಪ್ಪಗಿರುವ ಸಹೋದರಿಯನ್ನು ಕಂಡು ನಗಬೇಡಿರಿ, ಅವಳ ಭಕ್ತಿಯು ಕಡಿಮೆಯೆಂದು ತೀರ್ಪುಮಾಡಬೇಡಿರಿ. ಕೆಲವರ ಭಾರಕ್ಕೆ ರೋಗವೋ ಔಷಧಿಯೋ ವಂಶದ ಗುಣವೋ ಕಾರಣವಾಗಿರುವದುಂಟು. ಭಾರವು ಪಾಪದ ಗುರುತಲ್ಲ. ತೆಳ್ಳಗಾಗಬೇಕೆಂಬ ಆಶೆಯಿಂದ ಊಟವನ್ನೇ ಬಿಡುವ ಯೌವನಸ್ಥರೇ, ಅದೂ ದೇಹಕ್ಕೆ ಮಾಡುವ ಅನ್ಯಾಯವೇ. ಬಸುರಿಯರು, ಮೊಲೆಯೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು ಇವರ ಪಾಲನ್ನು ಯಾರೂ ಕಡಿಮೆಮಾಡಬಾರದು. ಮೈಸೂರಿನ ಪುಸ್ತಕಗಳು ನಮಗೆ ಕಲಿಸಿದ್ದೂ ಅದನ್ನೇ. ಸಿಹಿಮೂತ್ರಕ್ಕೆ ಗುಳಿಗೆಯನ್ನೋ ಇನ್ಸುಲಿನನ್ನೋ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು. ಪ್ರಯತ್ನವಿಲ್ಲದೆ ಮೈ ಇಳಿದುಹೋಗುತ್ತಿದ್ದರೆ ಸಂತೋಷಪಡದೆ ಆಸ್ಪತ್ರೆಗೆ ಹೋಗಿರಿ.

ಹಾಗಾದರೆ ನಾವು ಮಾಡತಕ್ಕದ್ದೇನು? ದೊಡ್ಡ ಸಂಗತಿ ಯಾವದೂ ಇಲ್ಲ. ತಟ್ಟೆಯಲ್ಲಿ ಅನ್ನಕ್ಕಿಂತ ಬಸಳೆ, ಹರಿವೆ, ತೊಂಡೆ, ಸೌತೆ ಹೆಚ್ಚಾಗಿರಲಿ. ಇವುಗಳಲ್ಲಿ ಕ್ಯಾಲೊರಿ ಸ್ವಲ್ಪ, ಹೊಟ್ಟೆಗೆ ತೃಪ್ತಿ ಬಹಳ. ಹುರುಳಿಯ ಸಾರನ್ನು ಬಡವರ ಊಟವೆಂದು ತಿರಸ್ಕರಿಸಬೇಡಿರಿ. ನೂರು ಗ್ರಾಮ್ ಹುರುಳಿಯಲ್ಲಿ 20 ಗ್ರಾಮಿಗೂ ಹೆಚ್ಚು ಸಸಾರಜನಕವಿದೆ. ಬೂತಾಯಿ ಬಂಗುಡೆಯನ್ನು ಎಣ್ಣೆಯಲ್ಲಿ ಮುಳುಗಿಸಿ ಕರಿಯುವದಕ್ಕಿಂತ ಪುಳಿಮುಂಚಿ ಮಾಡಿರಿ. ಕುಚ್ಚಲಕ್ಕಿಯ ಗಂಜಿಯು ನೀರಿನೊಡನೆ ಹೊಟ್ಟೆ ತುಂಬಿಸುವದರಿಂದ ಕಡಿಮೆ ಅಕ್ಕಿಯಲ್ಲಿ ತೃಪ್ತಿಯಾಗುತ್ತದೆ. ಅಜ್ಜಿಯ ಗಂಜಿ ನಾಚಿಕೆಯ ಸಂಗತಿಯಲ್ಲ. ಹತ್ತಿರದ ಮನೆಗೆ ನಡೆದು ಹೋಗಿರಿ. ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯಬೇಕೆಂಬದು ವೈದ್ಯರ ಮಾತು. ನಾವು ಈಗ ಮನೆದರ್ಶನದ ದಿನ ಮೋಟಾರು ಸೈಕಲನ್ನು ಮೊದಲನೆಯ ಮನೆಯಲ್ಲಿ ಬಿಟ್ಟು ಉಳಿದ ಮನೆಗಳಿಗೆ ನಡೆಯುತ್ತೇವೆ.

ಕಡೆಗೆ ಹಿಡಿಯಕ್ಕಿಯ ಮಾತು. ನಮ್ಮ ತಾಯಂದಿರು ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಮಡಕೆಯಲ್ಲಿ ಹಾಕಿ, ಭಾನುವಾರ ಕರ್ತನಿಗೆ ತರುತ್ತಿದ್ದರು. ಆ ಹಿಡಿಯಲ್ಲಿ ಐವತ್ತು ಗ್ರಾಮ್ ಇದ್ದರೆ ಸುಮಾರು 175 ಕ್ಯಾಲೊರಿ. ಕೊರತೆಯ ಕಾಲದಲ್ಲಿ ಅವರು ತಮ್ಮ ಹಸಿವಿನಿಂದ ಅದನ್ನು ತೆಗೆದಿಟ್ಟರು. ಸಮೃದ್ಧಿಯ ಕಾಲದಲ್ಲಿ ನಾವು ನಮ್ಮ ಹೆಚ್ಚಳದಿಂದಲಾದರೂ ತೆಗೆದಿಡಬಾರದೋ? ಈ ವಾರದಿಂದ ಅಳತೆಗೆ ಮೀರಿ ಬೇಯಿಸುವ ಮನೆಗಳು ಹಿಡಿಯಕ್ಕಿಯನ್ನು ಮತ್ತೆ ಪ್ರಾರಂಭಿಸಲಿ. ನಮ್ಮ ಮೈಗೆ ಭಾರವಾಗತಕ್ಕದ್ದು ಬಡ ಬಾಣಂತಿಯ ಮನೆಯಲ್ಲಿ ಮಗುವಿಗೆ ಹಾಲಾಗಲಿ. ಹೆಚ್ಚು ಕೂಡಿಸಿದವನಿಗೆ ಹೆಚ್ಚಾಗದೆ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗದೆ ಇರುವದು ಹೀಗೆಯೇ. ಈ ಮನ್ನದ ಮಾತನ್ನೇ ಎತ್ತಿ ಪೌಲನು ಕೊರಿಂಥದವರಿಗೆ ಎರಡನೆಯ ಪತ್ರಿಕೆಯಲ್ಲಿ ಬಡ ಸಭೆಗಳಿಗೆ ಸಹಾಯಮಾಡಬೇಕೆಂದು ಬುದ್ಧಿಹೇಳಿದನು.

ಆ ವೃದ್ಧ ತಾಯಿಯ ಮನೆಗೆ ನಾವು ಮುಂದಿನ ತಿಂಗಳಲ್ಲಿ ಪುನಃ ಹೋದೆವು. ಈ ಸಾರಿ ವೈದ್ಯರು ಹೇಳಿದ್ದನ್ನು ಮರೆಮಾಡದೆ ತಿಳಿಸಿ, ನಮ್ಮ ತಪ್ಪನ್ನು ಒಪ್ಪಿಕೊಂಡು, ಒಂದು ಲೋಟ ಜೀರಿಗೆ ನೀರನ್ನು ಕೇಳಿದೆವು. ಆಕೆ ಸ್ವಲ್ಪ ಹೊತ್ತು ನಮ್ಮನ್ನು ನೋಡಿ, “ಇದನ್ನು ಅಂದೇ ಹೇಳಬಾರದಿತ್ತೋ? ನನ್ನ ಗಂಡ ಹೋದದ್ದೂ ಅದೇ ಕಾಯಿಲೆಯಿಂದ” ಅಂದಳು. ಒಳಗೆ ಹೋಗಿ ಬಿಸಿಯಾದ ಜೀರಿಗೆ ನೀರನ್ನು ಎರಡು ಲೋಟಗಳಲ್ಲಿ ತಂದಳು. ಒಂದನ್ನು ನಮಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದುಕೊಂಡು ನಮ್ಮೆದುರಿಗೆ ಕೂತಳು. ಅಷ್ಟು ವರ್ಷಗಳಲ್ಲಿ ಆಕೆ ನಮ್ಮೊಡನೆ ಕೂತು ಕುಡಿದದ್ದು ಅದೇ ಮೊದಲು. ಅಂದಿನ ವರೆಗೆ ನಮಗೆ ಬಡಿಸಿ ಬಾಗಲ ಬಳಿಯಲ್ಲಿ ನಿಲ್ಲುತ್ತಿದ್ದಳು. ನಾವು ಅದನ್ನು ಗಮನಿಸಿಯೂ ಇರಲಿಲ್ಲ.

ಪರಲೋಕದ ತಂದೆಯೇ, ದಿನದಿನದ ಆಹಾರವನ್ನು ಕೊಡುವ ನಿನಗೆ ಸ್ತೋತ್ರ. ಸಾಕೆಂದು ಹೇಳುವ ಬುದ್ಧಿಯನ್ನೂ, ಸಾಕೆಂಬ ಮಾತನ್ನು ನಂಬುವ ಪ್ರೀತಿಯನ್ನೂ ನಮಗೆ ದಯಪಾಲಿಸು. ನಮ್ಮ ಮೇಜುಗಳಲ್ಲಿ ಒಬ್ಬನು ಹೆಚ್ಚಾಗಿ ತಿಂದು ಕೆಡದೆ, ಇನ್ನೊಬ್ಬನು ಹಸಿದು ಬಾಡದೆ ಇರುವಂತೆ ಅನುಗ್ರಹಿಸು. ನಮ್ಮ ರಕ್ಷಕನಾದ ಯೇಸು ಕ್ರಿಸ್ತನ ಮೂಲಕ ಬೇಡುತ್ತೇವೆ. ಆಮೆನ್.